ಘಾಟು ಇತ್ತು, ಘಮ ಇರಲಿಲ್ಲ

2019ರ ಡಿಸೆಂಬರ್. ಬೋನಸ್ ಬಂದ ಖುಷಿಯಲ್ಲಿ ಬೆಂಗಳೂರಿನ ಮಾಲ್ ಒಂದರ ಪರ್ಫ್ಯೂಮ್ ಅಂಗಡಿಗೆ ನುಗ್ಗಿದ್ದೆ. ಕೌಂಟರಿನ ಹುಡುಗ ಬಿಳಿ ಕಾಗದದ ಪಟ್ಟಿಗೆ ಏನೋ ಸಿಂಪಡಿಸಿ, ಎರಡು ಸಲ ಗಾಳಿಯಲ್ಲಿ ಆಡಿಸಿ, ನನ್ನ ಮುಂದೆ ಹಿಡಿದ. "ಇದು ಸ್ಪೈಸಿ ಮೇಡಂ. ಮೊದ್ಲು ಏಲಕ್ಕಿ, ಕಾಳುಮೆಣಸು ಬರುತ್ತೆ. ಆಮೇಲೆ ಲವಂಗ. ತುಂಬಾ ಎಕ್ಸಾಟಿಕ್."

ಮೂಸಿದೆ. ಎಕ್ಸಾಟಿಕ್ಕೂ ಇಲ್ಲ, ಏನೂ ಇಲ್ಲ. ನನ್ನ ಏಳನೇ ಕ್ಲಾಸಿನ ಸ್ಕೂಲ್ ಬ್ಯಾಗು!

ನಮ್ಮೂರು ಶಿರಸಿ ಹತ್ತಿರ. ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ. ಅಂಗಳದ ಚಾಪೆಯ ಮೇಲೆ ಹಸಿರು ಮೆಣಸು ನಾಲ್ಕೈದು ಬಿಸಿಲಿಗೆ ಕಪ್ಪಾಗುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿ ಒಣಗುತ್ತಿತ್ತು. ಅದೇ ಅಟ್ಟದ ಮೂಲೆಯಲ್ಲಿ ನಮ್ಮ ಪುಸ್ತಕ, ಬ್ಯಾಗು. ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ ಆಗಿತ್ತು. ಹಾಗಾಗಿ ನಾನು ತರಗತಿಗೆ ಹೋದರೆ ನನಗಿಂತ ಮೊದಲು ಏಲಕ್ಕಿ ಹೋಗಿ ಕೂತಿರುತ್ತಿತ್ತು. ಬೆಂಗಳೂರಿಗೆ ಓದಲು ಬಂದ ವರ್ಷ ನಾನು ಮಾಡಿದ ಮೊದಲ ಕೆಲಸ ಅಗ್ಗದ ಬಾಡಿ ಸ್ಪ್ರೇ ತಗೊಂಡು ಆ ವಾಸನೆಯನ್ನು ಮುಚ್ಚಿದ್ದು. ಈಗ ಅದನ್ನೇ ವಾಪಸ್ ಪಡೆಯೋಕೆ ಎಂಟು ಸಾವಿರ ಕೊಡಬೇಕಿತ್ತು. ಕೊಟ್ಟೆ.

ಸಂಕ್ರಾಂತಿಗೆ ಅದನ್ನೇ ಹಾಕ್ಕೊಂಡು ಊರಿಗೆ ಹೋದೆ. ಅಪ್ಪ ನನ್ನ ಮಣಿಕಟ್ಟನ್ನು ಹಿಡಿದು, ವ್ಯಾಪಾರಿಗಳು ಸ್ಯಾಂಪಲ್ ನೋಡುವ ಹಾಗೆ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿದ. "ಏಲಕ್ಕಿನೇ. ಆದ್ರೆ ಸರಿ ಒಣಗಿಲ್ಲ, ಹಸಿ ಇದೆ. ಎಷ್ಟು ಕೊಟ್ಟೆ?" ಹೇಳಿದೆ. "ಅಷ್ಟು ದುಡ್ಡಿಗೆ ಎರಡು ಕೇಜಿ ಏಲಕ್ಕಿನೇ ಬರ್ತಿತ್ತಲ್ಲೇ!"

ಆವತ್ತಿನಿಂದ ನನಗೆ ಮಸಾಲೆ ಪರಿಮಳಗಳ ಹುಚ್ಚು ಹಿಡಿಯಿತು. ಓದುತ್ತಾ ಹೋದ ಹಾಗೆ, ಇದರಲ್ಲಿ ಮುಜುಗರಪಟ್ಟವಳು ನಾನೊಬ್ಬಳೇ ಅನ್ನಿಸಿತು. ಜಗತ್ತೆಲ್ಲ ಅಡುಗೆಮನೆಯ ಡಬ್ಬಿಯನ್ನು ಮೈಗೆ ಹಚ್ಚಿಕೊಳ್ಳೋಕೆ ಸಾಲು ನಿಂತಿದೆ. 1977ರಲ್ಲಿ ಈವ್ ಸಾನ್ ಲೊರಾಂ ಹೊರತಂದ 'ಓಪಿಯಂ' ಲವಂಗ, ಮೆಣಸು, ರಾಳಗಳ ಗಟ್ಟಿ ಘಾಟು. 1998ರಲ್ಲಿ ಜಾನ್ ಕ್ಲೋದ್ ಎಲೆನಾ ಎಂಬ ಪರಿಮಳಗಾರ ಕಾರ್ಟಿಯೇ ಕಂಪನಿಗೆ ಮಾಡಿಕೊಟ್ಟ 'ಡಿಕ್ಲರೇಷನ್' ಹೆಸರಾಗಿರುವುದೇ ಏಲಕ್ಕಿಗೆ. ನಮ್ಮ ಮಾವಂದಿರೆಲ್ಲ ಗಡ್ಡ ಹೆರೆದ ಮೇಲೆ ಕೆನ್ನೆಗೆ ಬಡಿದುಕೊಳ್ಳುತ್ತಿದ್ದ 'ಓಲ್ಡ್ ಸ್ಪೈಸ್' ಗೊತ್ತಲ್ಲ? ಅದು 1937ರಲ್ಲಿ ಮೊದಲು ಬಂದಿದ್ದು ಹೆಂಗಸರಿಗಾಗಿ. ಗಂಡಸರ ಸರದಿ ಬಂದಿದ್ದು ಮರುವರ್ಷ. ಅದನ್ನು ಶುರುಮಾಡಿದ ಶುಲ್ಟ್ಸ್ ಎಂಬಾತನಿಗೆ ಪ್ರೇರಣೆ ಅವನ ಅಮ್ಮ ಒಣ ಹೂವು, ಮಸಾಲೆಗಳನ್ನು ಹಾಕಿ ಇಡುತ್ತಿದ್ದ ಜಾಡಿ ಅಂತ ಕಥೆಯಿದೆ. ಅಂದರೆ ಅಷ್ಟು ದೊಡ್ಡ ವ್ಯಾಪಾರದ ತಳದಲ್ಲಿ ಇದ್ದಿದ್ದು ಯಾರೋ ಒಬ್ಬನ ಅಮ್ಮನ ಜಾಡಿ.

ಕಥೆ ಕಾದಂಬರಿ ಓದುವಾಗಲೂ ನನಗೆ ಮೂಗು ಮುಂದೆ. ಪಿಜಿಯ ಮಂಚದ ಮೇಲೆ ಕೂತು ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿದಾಗ ಗೆಳತಿಯರೆಲ್ಲ ಅದನ್ನು ಥ್ರಿಲ್ಲರ್ ಅಂದರು. ನನಗೆ ಮಾತ್ರ ಏಲಕ್ಕಿ ಮಾರಲು ಹೊರಟ ಆ ಗಂಡ ಹೆಂಡತಿಯ ಜೊತೆಗೆ ನಮ್ಮ ಅಟ್ಟವೇ ಪುಸ್ತಕದೊಳಗೆ ಇಳಿದುಬಂದಿತ್ತು. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಮಸಾಲೆ ವ್ಯಾಪಾರದಿಂದ ದುಡ್ಡು ಕಂಡ ಮನೆಯೊಂದರ ಬಾಗಿಲಿಗೆ ಹೆಂಗಸೊಬ್ಬಳು ಮಸೂರ್ ಬೇಳೆಯ ಪದಾರ್ಥ ಹಿಡಿದುಕೊಂಡು ಬರುತ್ತಾಳೆ. ಅವಳನ್ನು ಬೈದು ಅಟ್ಟುವ ಗಲಾಟೆಯಲ್ಲಿ ಅದು ನೆಲದ ಪಾಲಾಗುತ್ತದೆ. ಜಗಳಕ್ಕಿಂತ ಹೆಚ್ಚು ನನಗೆ ನೆನಪಿರುವುದು ಆ ಚೆಲ್ಲಿದ ಒಗ್ಗರಣೆಯ ವಾಸನೆ. ಆದರೆ ನಮ್ಮನೆಯಲ್ಲಿ ಮಸೂರ್ ಬೇಳೆ ಮಾಡ್ತಾನೇ ಇರಲಿಲ್ಲ. ನನ್ನ ಮೂಗಿಗೆ ಬಂದಿದ್ದು ಅಮ್ಮನ ತೊಗರಿಬೇಳೆ, ಅಮ್ಮನ ಇಂಗು. ಲೇಖಕರು ಹೆಸರು ಕೂಗಿದರು, ಎದ್ದು ಬಂದಿದ್ದು ನಮ್ಮನೆಯ ಪಾತ್ರೆ.

ಇದು ಬರೀ ನನ್ನ ಹುಚ್ಚಲ್ಲ. ಸ್ಪೇನಿನ ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರಿಗೆ ದಾಲ್ಚಿನ್ನಿ, ಬೆಳ್ಳುಳ್ಳಿ, ಮಲ್ಲಿಗೆ ಇಂಥ ಗಾಢ ವಾಸನೆಯ ವಸ್ತುಗಳ ಹೆಸರನ್ನು ಓದಲು ಕೊಟ್ಟರೆ, ವಾಸನೆಯನ್ನು ಗ್ರಹಿಸುವ ಮೆದುಳಿನ ಭಾಗವೂ ಚುರುಕಾಗುತ್ತಿತ್ತಂತೆ. ಬರೀ ಪದಕ್ಕೆ! ನೋಟ, ಶಬ್ದ ಎಲ್ಲ ಥಲಾಮಸ್ ಎಂಬ ಜಂಕ್ಷನ್ ದಾಟಿ ಮೆದುಳಿನ ಒಳಗೆ ಹೋಗಬೇಕು. ವಾಸನೆಗೆ ಆ ಜಂಕ್ಷನ್ನೇ ಬೇಕಿಲ್ಲ. ಭಾವನೆ ಮತ್ತು ನೆನಪಿನ ಕೋಣೆಗಳ ಬಾಗಿಲಿಗೇ ಅದರ ನೇರ ಬಸ್ಸು.

2021ರ ಏಪ್ರಿಲ್‌ನಲ್ಲಿ ಆ ಬಸ್ಸು ನಿಂತುಹೋಯಿತು.

ಜ್ವರ ಮೂರು ದಿನ. ನಾಲ್ಕನೇ ದಿನ ಕಾಫಿ ಬಿಸಿನೀರಾಯಿತು. ಎದ್ದು ಹೋಗಿ ಎಂಟು ಸಾವಿರದ ಬಾಟಲಿ ತಗೊಂಡು ಮಣಿಕಟ್ಟಿಗೆ ಸಿಂಪಡಿಸಿದೆ. ತಣ್ಣಗಾಯಿತು, ಅಷ್ಟೇ. ಕಾಳುಮೆಣಸು ಕುಟ್ಟಿ ಮೂಸಿದೆ. ಸೀನು ಬಂತು, ಕಣ್ಣಲ್ಲಿ ನೀರು ಬಂತು, ಮೆಣಸು ಬರಲಿಲ್ಲ. ಉರಿ, ತಂಪು, ಚುರುಕನ್ನು ಮೆದುಳಿಗೆ ಮುಟ್ಟಿಸುವ ನರವೇ ಬೇರೆ ಅಂತ ಆಮೇಲೆ ತಿಳಿಯಿತು. ಅದು ನೆಟ್ಟಗಿತ್ತು. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರುವುದು ಎಷ್ಟು ಸರಿ ಅಂತ ಆವತ್ತು ಗೊತ್ತಾಯಿತು. ಘಾಟು ಇತ್ತು, ಘಮ ಇರಲಿಲ್ಲ.

ಮೇ ತಿಂಗಳಲ್ಲಿ ಅಪ್ಪ ಹೋದ. ಕೊರೋನಾ ಅಲ್ಲ, ಹೃದಯ. ಚೆಕ್‌ಪೋಸ್ಟುಗಳನ್ನು ದಾಟಿ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪನದು ಅಂತ ಒಂದು ವಾಸನೆ ಇತ್ತು. ಕವಳದ್ದು. ಎಲೆ, ಅಡಿಕೆ, ಸುಣ್ಣ, ಚೂರು ತಂಬಾಕು, ಕೊನೆಗೆ ಒಂದು ಲವಂಗ. ಅದು ಬಾಯಿಂದ ಮಾತಿಗೆ, ಮಾತಿಂದ ಶಾಲಿಗೆ ಹತ್ತಿಕೊಂಡಿತ್ತು. ಕಾಲೇಜಿನ ದಿನಗಳಲ್ಲಿ ನಾನೇ ಒಮ್ಮೆ ಫೋನಿನಲ್ಲಿ ಹೇಳಿದ್ದೆ: "ಅಪ್ಪ, ಹಾಸ್ಟೆಲ್ಲಿಗೆ ಬರುವಾಗ ಕವಳ ಹಾಕ್ಕೊಂಡು ಬರಬೇಡ." ಅವನು ಏನೂ ಅನ್ನಲಿಲ್ಲ. ಮುಂದಿನ ಸಲ ಮೆಜೆಸ್ಟಿಕ್ಕಿನಲ್ಲೇ ಬಾಯಿ ತೊಳೆದು, ಏಲಕ್ಕಿ ಜಗಿಯುತ್ತಾ ಬಂದ. ಗೇಟಿನ ಹತ್ತಿರ ನಿಂತು, "ಈಗ ಸರಿನಾ?" ಅಂದ. ಸರಿ ಅಂದಿದ್ದೆ.

ಆ ಶಾಲು ಜಗಲಿಯ ಗೂಟದಲ್ಲಿ ನೇತಾಡುತ್ತಿತ್ತು. ಯಾರೂ ಇಲ್ಲದಾಗ ತೆಗೆದು ಮುಖಕ್ಕೆ ಒತ್ತಿಕೊಂಡೆ. ಉಣ್ಣೆ ಚುಚ್ಚಿತು. ಮೂಗಿಗೆ ಏನೂ ಬರಲಿಲ್ಲ. ವಾಪಸ್ ನೇತುಹಾಕಿದೆ. ಕಾರ್ಯಗಳೆಲ್ಲ ಮುಗಿದ ಮೇಲೆ ಅಮ್ಮ ಮನೆಯ ಬಟ್ಟೆಗಳನ್ನೆಲ್ಲ ಒಗೆಸಿದಳು, ಶಾಲನ್ನೂ. ಅದೊಂದು ತೊಳಿಬೇಡ ಅಂತ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ವಾಸನೆ ಬಾರದವಳಿಗೆ ವಾಸನೆ ಉಳಿಸಿಕೋ ಅಂತ ಯಾರು ನೆನಪಿಸಬೇಕು?

ಬೆಂಗಳೂರಿಗೆ ಬಂದು ಇಎನ್‌ಟಿ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದೆ. "ಮೂಗಿಗೆ ಎಕ್ಸರ್‌ಸೈಜ್ ಮಾಡಿಸಿ" ಅಂದರು. ತಮಾಷೆ ಅಂದ್ಕೊಂಡೆ. ಅಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, 12 ವಾರ ಮೂಸಬೇಕು. ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಿ ಅಂತಲೂ ಡಾಕ್ಟರು ಹೇಳಿದರು.

ಗುಲಾಬಿ ಕಷ್ಟವಾಗಲಿಲ್ಲ, ನೆನಪಿಗೆ ಮದುವೆಮನೆ ಇತ್ತು. ನೀಲಗಿರಿಗೆ ನೆಗಡಿ. ನಿಂಬೆಗೆ ಪಾತ್ರೆ ತೊಳೆಯುವ ಸೋಪು. ಲವಂಗದ ಡಬ್ಬಿ ತೆಗೆದಾಗ ಮಾತ್ರ ನೆನಪಿಗೆ ಬರುತ್ತಿದ್ದಿದ್ದು ಹಾಸ್ಟೆಲ್ ಗೇಟು. ಲವಂಗದ ಎಣ್ಣೆಯಲ್ಲಿ ಬಹುಪಾಲು ಇರುವುದು ಯೂಜೆನಾಲ್ ಎಂಬ ಒಂದೇ ರಾಸಾಯನಿಕ. ಹಲ್ಲಿನ ಡಾಕ್ಟರು ಹುಳುಕಿಗೆ ತುಂಬುವ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇರುತ್ತದೆ. ಅದಕ್ಕೇ ಕೆಲವರಿಗೆ ಲವಂಗ ಅಂದರೆ ಹಲ್ಲುನೋವು, ಕೆಲವರಿಗೆ ಪಲಾವು. ನನಗೆ ಮಾತ್ರ "ಈಗ ಸರಿನಾ?"

ರಾತ್ರಿ ಹೊತ್ತು ಪುಸ್ತಕ ಹಿಡಿದೆ. ಮೂಗು ಕೈಕೊಟ್ಟರೂ ಪದಗಳು ಕೈಕೊಡಲಿಕ್ಕಿಲ್ಲ ಅನ್ನೋ ಆಸೆ. ಪ್ಯಾಟ್ರಿಕ್ ಸುಸ್ಕಿಂಡ್ ಬರೆದ 'ಪರ್ಫ್ಯೂಮ್' ಓದಿದೆ. 1985ರ ಜರ್ಮನ್ ಕಾದಂಬರಿ, ಕಥೆ ನಡೆಯುವುದು ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ. ಶುರುವಾಗುವುದೇ ಪ್ಯಾರಿಸ್ಸಿನ ನಾತದಿಂದ. ನಾಯಕ ಗ್ರೆನೂಯಿಗೆ ಜಗತ್ತಿನ ಯಾವ ವಾಸನೆಯೂ ತಪ್ಪುವುದಿಲ್ಲ, ಆದರೆ ಅವನ ಮೈಗೇ ವಾಸನೆ ಇಲ್ಲ. ಹಿಂದೆ ಓದಿದ್ದಾಗ ಮೀನಿನ ಕಟ್ಟೆಯ ಪುಟಗಳಿಗೆ ಮೂಗು ಮುಚ್ಚಿಕೊಂಡಿದ್ದೆ. ಈ ಸಲ ಅದೊಂದು ಸಾಮಾನಿನ ಪಟ್ಟಿಯಂತೆ ಸಾಗಿತು. ಆದರೆ ಒಂದು ಭಾಗ ತಟ್ಟಿತು. ಅವನು ಗಾಜನ್ನೂ ಹಿತ್ತಾಳೆಯನ್ನೂ ಬಟ್ಟಿ ಇಳಿಸಿ ವಾಸನೆ ತೆಗೆಯಲು ಹೆಣಗುತ್ತಾನೆ. ಆಗುವುದಿಲ್ಲ ಅಂತ ಗೊತ್ತಾದಾಗ ಕಾಯಿಲೆ ಬಿದ್ದು ಮಲಗುತ್ತಾನೆ. ಅವನು ಕೊಲೆಗಾರ, ನಿಜ. ಆದರೂ ಆ ಹೊತ್ತಿಗೆ ಅವನ ಮೇಲೆ ಕನಿಕರ ಬಂತು. ತೊಳೆದ ಶಾಲಿನಿಂದ ಏನನ್ನು ಬಟ್ಟಿ ಇಳಿಸೋದು?

ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದಳು: "ಮೂಗು ಬಂತಾ?"

"ಇಲ್ಲ ಅಮ್ಮ."

"ಬರ್ತದೆ. ಅಡುಗೆಗೆ ಉಪ್ಪು ನೋಡಿ ಹಾಕು."

ಮೂಗು ಬಂತು. ಮೊದಲು ಸುಳ್ಳು ಹೇಳಿಕೊಂಡು ಬಂತು. ಕಾಫಿಗೆ ಸುಟ್ಟ ಟಯರು, ಈರುಳ್ಳಿಗೆ ಚರಂಡಿ. ಮುಂದಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಡಬ್ಬಿ ತೆಗೆದಾಗ ಲವಂಗ ಲವಂಗದ ಹಾಗೇ ಬಂತು. ಅಡುಗೆಮನೆಯಲ್ಲೇ ಕೂತು ಅತ್ತೆ. ಖುಷಿಗೆ ಅಂತ ಗಂಡ ಅಂದುಕೊಂಡ. ಅದು ನಿಜವೂ ಹೌದು. ಆದರೆ ಅದು ಬರೀ ಲವಂಗ ಆಗಿತ್ತು. ಅಂಗಡಿಯದ್ದು, ನೂರು ಗ್ರಾಮಿನ ಪೊಟ್ಟಣದ್ದು. ಆರು ತಿಂಗಳು ನಾನು ಯಾರನ್ನು ಕರೀತಿದ್ದೆನೋ ಅವರು ಅದರಲ್ಲಿ ಇರಲಿಲ್ಲ.

ಆಮೇಲೆ ಊರಿಗೆ ಹೋದಾಗ ಅಪ್ಪನ ಕವಳದ ಬಟ್ಟಲನ್ನು ಮೂಸಿದೆ. ಹಿತ್ತಾಳೆ, ಒಣ ಸುಣ್ಣ. ಶಾಲು ಮೂಸಿದೆ. ಸೋಪಿನ ಪುಡಿ. ಓಪಿಯಂ ಸಿಕ್ಕಿದ ಕಡೆಯೆಲ್ಲ ಕಾಗದದ ಪಟ್ಟಿಗೆ ಸಿಂಪಡಿಸಿಕೊಂಡು ಮೂಸಿದೆ. ಲವಂಗ ಇದೆ, ಘನವಾಗಿದೆ, ಚೆನ್ನಾಗಿದೆ. ಸುಣ್ಣ ಇಲ್ಲ, ಶಿರಸಿ ಇಲ್ಲ. ಅಂಗಡಿಯವರ ತಪ್ಪೇನೂ ಇಲ್ಲ ಬಿಡಿ.

ಕಳೆದ ದೀಪಾವಳಿಗೆ ಮತ್ತೆ ಊರಿಗೆ ಹೋಗಿದ್ದೆ. ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಕೂತು ಹಳೆಯದೊಂದು ಮಲೆನಾಡಿನ ಕಾದಂಬರಿ ಓದುತ್ತಿದ್ದೆ. ಅಪ್ಪನದೇ ಪ್ರತಿ, ಅಂಚಿಗೆ ಗೆದ್ದಲು ಹತ್ತಿತ್ತು. ದೊಡ್ಡ ಘಟನೆ ಏನೂ ಇಲ್ಲದ ಪುಟ. ಮುದುಕನೊಬ್ಬ ಮಗಳ ಮನೆಗೆ ಬಂದಿದ್ದಾನೆ. ಏನೋ ಹೇಳಬೇಕು, ಬಾಯಲ್ಲಿ ಎಲೆಅಡಿಕೆ ಇದೆ. ಅಂಗಳಕ್ಕೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಶಾಲಿನ ತುದಿಯಿಂದ ಒರೆಸಿಕೊಂಡು ವಾಪಸ್ ಬರುತ್ತಾನೆ. ಅಷ್ಟು ಮಾಡಿ ಬಂದವನು ಹೇಳಬೇಕಾದ್ದನ್ನು ಹೇಳುವುದೇ ಇಲ್ಲ.

ಅಲ್ಲಿ ಬಂತು. ಸುಣ್ಣ, ತಂಬಾಕು, ಉಣ್ಣೆ, ಎಲ್ಲದರ ಹಿಂದೆ ಲವಂಗ. ಒಂದು ಉಸಿರಿನಷ್ಟು ಹೊತ್ತು, ಸ್ಪಷ್ಟವಾಗಿ. ಪುಟವನ್ನು ಇನ್ನೊಂದು ಸಲ ಓದಿದೆ. ಲವಂಗ ಅನ್ನೋ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಯಾವ ವಾಸನೆಯ ಪದವೂ ಇರಲಿಲ್ಲ.

ನಮ್ಮಲ್ಲಿ ಮೂಗಿಗೆ ಬರುವುದೂ ವಾಸನೆ, ಮನಸ್ಸಿಗೆ ಅಂಟಿದ ಹಳೇ ಸಂಸ್ಕಾರವೂ ವಾಸನೆ. ಅಜ್ಜಿ "ಪೂರ್ವಜನ್ಮದ ವಾಸನೆ" ಅಂದಾಗೆಲ್ಲ ನಾನು ನಗುತ್ತಿದ್ದೆ. ಶಾಲಿನಿಂದ ಹೋಗಿದ್ದು ಮೊದಲನೆಯದು. ಎರಡನೆಯದನ್ನು ಒಗೆಸೋಕೆ ಯಾರಿಂದಲೂ ಆಗಲ್ಲ. ಆದರೆ ಅದು ಕರೆದಾಗ ಬರುವುದೂ ಇಲ್ಲ. ಅದಕ್ಕೆ ಯಾರದ್ದೋ ಕಥೆಯ ಮುದುಕ ಬಾಯಿ ಮುಕ್ಕಳಿಸಿಕೊಂಡು ಬರಬೇಕು.

ಒಳಗಿನಿಂದ ಅಮ್ಮನ ದನಿ ಬಂತು. "ಇನ್ನೂ ಮಲಗಿಲ್ವಾ? ಏನು ಮಾಡ್ತಿದೀಯೇ?"

"ಏನಿಲ್ಲ ಅಮ್ಮ. ಓದ್ತಿದೀನಿ."

"ಲೈಟ್ ಆಫ್ ಮಾಡಿ ಮಲಗು. ಹುಳ ಬರ್ತದೆ."

ಆ ಪುಟಕ್ಕೆ ಗುರುತು ಇಡಲಿಲ್ಲ. ಪುಸ್ತಕವನ್ನು ಅಟ್ಟದಲ್ಲಿ ಏಲಕ್ಕಿಯ ಪಕ್ಕ ಇಟ್ಟು, ಹೋಗಿ ಮಲಗಿದೆ.