ಎರಡು ರೆಕ್ಕೆ ಎಲ್ಲಿ?

ಮುಂಬೈ ಬಂದರಿನ ಆ ಸ್ಪೀಡ್‌ಬೋಟಿನ ಟೆಂಪರೇಚರ್ ಮುಳ್ಳು ನಿಧಾನವಾಗಿ ಹೋದರೆ ಸುಮ್ಮನಿರುತ್ತಿತ್ತು, ವೇಗ ಹೆಚ್ಚಿಸಿದೊಡನೆ ಕೆಂಪಿಗೆ ಏರುತ್ತಿತ್ತು. ಮಾಲೀಕರದು ಒಂದೇ ಮಾತು: ಮೀಟರ್ ಕೆಟ್ಟಿದೆ, ಸಂಜೆ ಪಾರ್ಟಿಯನ್ನು ಮಾಂಡ್ವಾಕ್ಕೆ ಬಿಡಲೇಬೇಕು. ಕೆಟ್ಟ ಸುದ್ದಿ ತಂದವನನ್ನೇ ಮೊದಲು ಅನುಮಾನಿಸುವ ರೂಢಿ ದೋಣಿಯಲ್ಲೂ ಇದೆ.

ಮಲ್ಪೆಯ ಮೆಕ್ಯಾನಿಕ್ ಅದನ್ನೂ ಪರೀಕ್ಷಿಸಿದ. ಓಡುತ್ತಿದ್ದ ಎಂಜಿನ್ನಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಥರ್ಮೋಸ್ಟಾಟ್ ಇರುವ ಕಡೆ ನಿಜಕ್ಕೂ ಅಷ್ಟೇ ಬಿಸಿ. ಹೊಗೆಯ ಜೊತೆ ಹಿಂದೆ ಬೀಳಬೇಕಾದ ಉಪ್ಪುನೀರು ತೀರಾ ಕಡಿಮೆ. ಮುಂಬೈ ಕಡಲಲ್ಲಿ ಮೊದಲ ಸಂಶಯ ಪ್ಲಾಸ್ಟಿಕ್ ಚೀಲದ ಮೇಲೆ. ಆದರೆ ನೀರು ಸೋಸುವ ಜಾಲರಿ ಸ್ವಚ್ಛವಾಗಿತ್ತು. ಸೀಕಾಕ್ ಮುಚ್ಚಿ ಪಂಪ್ ಬಿಚ್ಚಿದ. ರಬ್ಬರ್ ಇಂಪೆಲ್ಲರ್‌ನ ಆರು ರೆಕ್ಕೆಗಳಲ್ಲಿ ಎರಡು ಇಲ್ಲ.

“ಹೊಸದು ಹಾಕಿಬಿಡುವನಾ ಅಣ್ಣ?” ಎಂದ ಜೊತೆಯ ಹುಡುಗ.

“ಹಾಕುವ. ಹೋದ ಎರಡು ಎಲ್ಲಿ ಮಾರಾಯ?”

ನೀರು ಹೋದ ದಾರಿಯಲ್ಲೇ ಅವೂ ಹೋಗಿರಬೇಕು. ಹೀಟ್ ಎಕ್ಸ್‌ಚೇಂಜರ್‌ನ ಮುಚ್ಚಳ ತೆಗೆದಾಗ ಸಣ್ಣ ಕೊಳವೆಗಳ ಬಾಯಿಗೆ ಅಂಟಿಕೊಂಡು ಒಂದು ಸಿಕ್ಕಿತು. ಇನ್ನೊಂದಿಲ್ಲ. ಮಾಲೀಕರ ಫೋನ್ ಮೂರನೇ ಸಲ ಬಂತು. ಹೊಸ ಇಂಪೆಲ್ಲರ್ ಹಾಕಿದರೆ ಮುಳ್ಳು ಇವತ್ತಿಗೆ ಇಳಿಯಬಹುದು. ಆ ತುಂಡು ನಡುಕಡಲಲ್ಲಿ ಸರಿದು ಅಡ್ಡ ಬರಲೂಬಹುದು. ಹತ್ತುವವರು ಎಂಟು ಜನ, ಅದರಲ್ಲಿ ಮಕ್ಕಳೂ ಇದ್ದರು. ಹಿಂದೊಮ್ಮೆ ಇಂಥದೇ ಅವಸರಕ್ಕೆ ಹೂಂ ಎಂದು, ಗ್ಯಾಸ್ಕೆಟ್ ಸುಟ್ಟ ದೋಣಿಯನ್ನು ಕತ್ತಲಲ್ಲಿ ಎಳೆದು ತಂದವನು ಅವನು. ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಪಾರ್ಟಿ ಬೇರೆ ದೋಣಿಯಲ್ಲಿ ಹೋಯಿತು, ಅವನ ಅಂದಿನ ದುಡ್ಡೂ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಹೋಸ್ ಪೈಪಿನ ತಿರುವಿನಲ್ಲಿ ಕಪ್ಪು ತುಂಡೊಂದು ಬೆರಳಿಗೆ ತಗುಲಿತು. ಎರಡನ್ನೂ ಹಳೆಯ ಇಂಪೆಲ್ಲರ್‌ಗೆ ಹೊಂದಿಸಿ, ಆರು ಎಣಿಸಿ, ಆಮೇಲೆ ಹೊಸದರ ಡಬ್ಬಿ ಒಡೆದ.