ಅಣ್ಣನ ಅಂಗಿ, ತಮ್ಮನ ಶಾಲೆ

ಮುತ್ತತ್ತಿಗೆ ಶಾಲೆಯ ಮಕ್ಕಳು ಪ್ರವಾಸ ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ಮುತ್ತತ್ತಿರಾಯನ ಗುಡಿಯ ಮುಂದೆ ಒಂದೇ ಬಣ್ಣದ ಸಾಲು. ಅಲ್ಲಿ ಕಾವೇರಿಯಲ್ಲಿ ಸುಳಿಗಳಿವೆ. ಆ ಬಣ್ಣವಿದ್ದರೆ ಮೇಷ್ಟರಿಗೆ ತಲೆ ಎಣಿಸುವುದು ಸುಲಭ. ಸಮವಸ್ತ್ರದಿಂದ ಇದೊಂದು ಉಪಯೋಗ. ಇದಕ್ಕಿಂತ ದೊಡ್ಡದು ಇನ್ನೊಂದಿದೆ.

ನಮ್ಮ ಮಳವಳ್ಳಿ ಸೀಮೆ ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದವರು ಬಿ. ಎಲ್. ರೈಸ್. ನಾಡಿನ ಶಾಸನಗಳನ್ನು ಹುಡುಕಿ ಪ್ರಕಟಿಸಿದವರೂ ಅವರೇ. ಹೀಗೆ ಸರ್ಕಾರದ ಶಾಲೆ ಹಳ್ಳಿಗಳತ್ತ ಬಂತು. ಆದರೆ ತೊಡುವ ಬಟ್ಟೆ ಮನೆಯಿಂದಲೇ ಬರಬೇಕಿತ್ತು.

ನಾನು ಪ್ರೈಮರಿ ಓದುವಾಗ ನಮಗೆ ಸಮವಸ್ತ್ರವಿರಲಿಲ್ಲ. ಯಾರ ಮನೆಗೆ ಎಷ್ಟು ಗದ್ದೆಯಿದೆ ಎಂಬುದನ್ನು ಅಂಗಿಯೇ ಹೇಳುತ್ತಿತ್ತು. ಚಡ್ಡಿಯ ಹಿಂದೆ ತೇಪೆಯಿದ್ದ ಗೆಳೆಯನೊಬ್ಬ, ಲೆಕ್ಕ ಬರುತ್ತಿದ್ದರೂ ಬೋರ್ಡಿನ ಹತ್ತಿರ ಹೋಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಎಲ್ಲರಿಗೂ ಖಾಕಿ ಚಡ್ಡಿ, ಬಿಳಿ ಅಂಗಿ. ಅವನಿಗೆ ಸೋದರಮಾವ ಹೊಲಿಸಿಕೊಟ್ಟರು. ಮೊದಲ ವಾರವೇ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ!

ಮುಂದೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ಇನ್ನೊಂದು ಮುಖ ಕಂಡಿತು. ಮೇ ಕೊನೆಯಲ್ಲಿ ತಾಯಂದಿರು ಪಾಸ್‌ಬುಕ್ ಹಿಡಿದು ಬರುತ್ತಿದ್ದರು. “ಸ್ಕೂಲಲ್ಲಿ ಬಣ್ಣ ಬದಲಾಯಿಸವ್ರೆ ಸಾರ್, ದೊಡ್ಡವನ ಅಂಗಿ ಚಿಕ್ಕವನಿಗೆ ಹಾಕಂಗಿಲ್ಲ” ಎಂದು ಒಬ್ಬಾಕೆ ಉಳಿತಾಯದ ಹಣವನ್ನೆಲ್ಲ ತೆಗೆದಳು. ಬಡತನ ಮರೆಸಬೇಕಾದ ಬಟ್ಟೆಯೇ ಬಡವರಿಗೆ ಭಾರವಾಗಿತ್ತು.

ಇದಕ್ಕೆ ನಮ್ಮ ರಾಜ್ಯದಲ್ಲಿ ನಿಯಮವಿದೆ. 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೆಯ ನಿಯಮದಂತೆ, ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಾದರೂ ಪೋಷಕರಿಗೆ 1 ವರ್ಷ ಮೊದಲೇ ತಿಳಿಸಬೇಕು. ಸರ್ಕಾರಿ ಶಾಲೆಯ ಮಕ್ಕಳಿಗಂತೂ ವಿದ್ಯಾವಿಕಾಸ ಯೋಜನೆಯಲ್ಲಿ ಪಠ್ಯಪುಸ್ತಕದ ಜೊತೆ ಸಮವಸ್ತ್ರವೂ ಉಚಿತ.

5 ವರ್ಷ ಎಂದರೆ ಸಣ್ಣ ಲೆಕ್ಕವಲ್ಲ. ಅಣ್ಣನ ಅಂಗಿಗೆ ಹೊಸ ಗುಂಡಿ ಹಾಕಿದರೆ ತಮ್ಮನಿಗಾಯಿತು. ಉದ್ದ ಲಂಗದ ಮಡಿಕೆ ಬಿಚ್ಚಿದರೆ ಇನ್ನೊಂದು ವರ್ಷ ಬಂತು. ಅಜ್ಜ ಅಜ್ಜಿಯರೇ, ಪೋಷಕರ ಸಭೆಗೆ ನೀವೂ ಹೋಗಿ. ಬಣ್ಣ ಬದಲಾಯಿಸುವ ಮಾತು ಬಂದರೆ ಈ ನಿಯಮವನ್ನು ಮೆಲ್ಲಗೆ ನೆನಪಿಸಿ.

ಮಕ್ಕಳೇ, ಪಕ್ಕದಲ್ಲಿ ಕೂತವನ ಅಂಗಿ ಮಾಸಿದ್ದರೆ ನಗಬೇಡಿ. ಅವನ ಅಣ್ಣ ಪಾಸಾಗಿ ಮುಂದಿನ ತರಗತಿಗೆ ಹೋಗಿದ್ದಾನೆ. ಅಂಗಿ ಮಾತ್ರ ಇನ್ನೊಮ್ಮೆ ಓದಲು ಬಂದಿದೆ.