ಹಾಸ್ಟೆಲ್‌ಗೆ ಮಕ್ಕಳನ್ನ ಕಳಿಸೋರು ಗಂಟು ಕಟ್ಟೋ ಮುಂಚೆ ಒಂದ್ಸಲ ಓದಿ

ಈ ವಾರ ಹೊಲದ ವಿಷಯ ಬರೀತಿಲ್ಲ. ಶೇಂಗಾ ಬಿತ್ತನೆಗೆ ಹದ ಮಳೆ ಕಾಯ್ತಾ ಕೂತಿರೋ ಈ ಹೊತ್ತಲ್ಲೇ ಬಬ್ಬೂರು ಸುತ್ತಮುತ್ತ ಎಷ್ಟೋ ಮನೇಲಿ ಇನ್ನೊಂದು ತಯಾರಿ ನಡೀತಾ ಐತೆ. ಪಿಯುಸಿ ಮುಗಿಸಿದ ಮಕ್ಕಳು ಚಿತ್ರದುರ್ಗ, ದಾವಣಗೆರೆ, ತುಮಕೂರು, ಶಿವಮೊಗ್ಗ ಅಂತ ಹೊರಟಿದಾರೆ. ನಮ್ಮ ಮಗಳಿಗೂ ಶಿವಮೊಗ್ಗದಲ್ಲಿ ಡಿಗ್ರಿ ಸೀಟಾಯ್ತು. ಬೀಜ ಗೊಬ್ಬರಕ್ಕೂ ದುಡ್ಡು ಬೇಕು, ಹುಡುಗಿ ಸಾಮಾನಿಗೂ ದುಡ್ಡು ಬೇಕು, ಎರಡೂ ಒಂದೇ ತಿಂಗಳು. ಅದಕ್ಕೆ ಏನು ಬೇಕು ಏನು ಬೇಡ ಅಂತ ಮನೆಯವರೆಲ್ಲ ಕೂತು ಲೆಕ್ಕ ಹಾಕಿದ್ವಿ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಕಾಗದ ಪತ್ರ, ಬಟ್ಟೆ ಆಮೇಲೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣ ಪತ್ರ, ಜಾತಿ-ಆದಾಯ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕಾಲೇಜಿಗೆ ಫೀಸು ಕಟ್ಟಿದ ರಸೀದಿ, ಹತ್ತು ಫೋಟೋ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಜಾತಿ-ಆದಾಯ ಪತ್ರದ ಅವಧಿ ಮುಗಿದಿದ್ರೆ ಈಗಲೇ ನಾಡಕಚೇರಿಗೆ ಹೋಗಿ. ಅದರ ಮೇಲಿರೋ ಆರ್‌ಡಿ ನಂಬರ್ ಇಲ್ಲದೆ ಹಾಸ್ಟೆಲ್ ಅರ್ಜಿನೂ ಮುಂದೆ ಹೋಗಲ್ಲ, ಸ್ಕಾಲರ್‌ಶಿಪ್ ಅರ್ಜಿನೂ ಹೋಗಲ್ಲ. ಅಂಕಪಟ್ಟೀಲಿ ಇರೋ ಹೆಸರು, ಇನಿಷಿಯಲ್ಲು ಆಧಾರ್‌ನಲ್ಲೂ ಹಾಗೇ ಐತಾ ಅಂತ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಮಕ್ಕಳ ಆಧಾರ್‌ಗೆ ಸಾಮಾನ್ಯವಾಗಿ ಅಪ್ಪನ ಮೊಬೈಲ್ ನಂಬರ್ ಸೇರಿರುತ್ತೆ. ಹುಡುಗಿ ಶಿವಮೊಗ್ಗದ ಸೈಬರ್ ಸೆಂಟರಲ್ಲಿ ಕೂತಿರ್ತಾಳೆ, ಓಟಿಪಿ ನಮ್ಮ ಫೋನಿಗೆ ಬರುತ್ತೆ. ನಾವು ಈರುಳ್ಳಿ ಕಳೆ ಕೀಳ್ತಾ ಇರ್ತೀವಿ, ಫೋನು ಬದುವಿನ ಮೇಲಿನ ಅಂಗಿ ಜೇಬಲ್ಲಿ ಇರುತ್ತೆ. ಹೊರಡೋ ಮುಂಚೆ ಅವಳ ನಂಬರನ್ನೇ ಆಧಾರ್‌ಗೆ ಸೇರಿಸಿ. ಬ್ಯಾಂಕ್ ಖಾತೆ ಅವಳ ಹೆಸರಲ್ಲೇ ಇರಲಿ, ಆಧಾರ್ ಜೋಡಣೆ ಆಗಿರಲಿ.

ನಮ್ಮ ಎಫ್‌ಐಡಿ ನಂಬರನ್ನೂ ಒಂದು ಚೀಟೀಲಿ ಬರೆದು ಅದೇ ಫೈಲಲ್ಲಿ ಇಡಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಅದು ಬೇಕು. ಶುರುವಾದಾಗ ಬಿಎ, ಬಿಎಸ್ಸಿ, ಬಿಕಾಂನಂಥ ಡಿಗ್ರಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಅಂತ ಇಟ್ಟಿದ್ರು. ಪಹಣಿ ಇನ್ನೂ ತಾತನ ಹೆಸರಲ್ಲೇ ಇರೋರು, ಎಫ್‌ಐಡಿ ಮಾಡಿಸದೇ ಇರೋರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಸಾಮಾನು ಎರಡು ಕಂತಲ್ಲಿ ಕಳಿಸಿ. ಸರ್ಕಾರಿ ಹಾಸ್ಟೆಲ್ ಅಂದ್ರೆ ಕಾಲೇಜು ಮೊದಲು ಶುರುವಾಗುತ್ತೆ, ಆಯ್ಕೆ ಪಟ್ಟಿ ಆಮೇಲೆ ಬರುತ್ತೆ. ನಡುವೆ ನೆಂಟರ ಮನೆಯೋ ಪೀಜಿಯೋ ನೋಡ್ಕೋಬೇಕು. ಅಲ್ಲಿಗೆ ಮಂಚದಷ್ಟು ಗಂಟು ಹೊತ್ಕೊಂಡು ಹೋದ್ರೆ ಇಡೋದೆಲ್ಲಿ? ನಮ್ಮ ಹುಡುಗಿ ಈಗ ಅವರ ಚಿಕ್ಕಮ್ಮನ ಮನೇಲಿದಾಳೆ. ಒಂದು ಬ್ಯಾಗು, ಒಂದು ಕೈಚೀಲ ಅಷ್ಟೆ ಹೋಗಿದೆ. ಪಟ್ಟಿ ಬಂದ ಮೇಲೆ ಉಳಿದಿದ್ದು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗಲೇ ಇಲ್ಲ ಅಂದ್ರೆ ವಿದ್ಯಾಸಿರಿ ಅಂತ ಊಟ-ವಸತಿ ಸಹಾಯ ಐತೆ, ತಿಂಗಳಿಗೆ 1,500ರಂತೆ ಹತ್ತು ತಿಂಗಳು ಅಂತ ಶುರುವಾಗಿದ್ದು. ಎಸ್‌ಎಸ್‌ಪಿ ಪೋರ್ಟಲಲ್ಲಿ ಅದಕ್ಕೂ ಅರ್ಜಿ ಹಾಕಿಸಿ.

ಭಾರಕ್ಕೆ ನಮ್ಮ ಮನೇಲಿ ಒಂದೇ ಅಳತೆ: ಅವಳೊಬ್ಬಳೇ ಎತ್ತಿ ಬಸ್ ಹತ್ತಿಸೋ ಹಾಗಿರಬೇಕು. ಹಿರಿಯೂರಿಂದ ಚಿತ್ರದುರ್ಗ, ಅಲ್ಲಿ ಬಸ್ ಬದಲಾಯಿಸಿ ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ. ಪ್ರತಿ ಸಲ ಹಿಂದೆ ಹೋಗಕ್ಕೆ ನಮಗೆ ಬಿಡುವಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಟಿಕೆಟ್ ದುಡ್ಡಿಲ್ಲ. ಆದ್ರೆ ಆಧಾರ್ ಬ್ಯಾಗಿನ ತಳದಲ್ಲಿ ಇರಬಾರದು, ಕೈಗೆ ಸಿಗೋ ಹಾಗಿರಬೇಕು. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯಲ್ಲ.

ಖರ್ಚಿನ ಲೆಕ್ಕ ಹೀಗಾಯ್ತು. ಕೊಡೆ 300. ಬೀಗ ಎರಡು 180, ಒಂದು ಬ್ಯಾಗಿಗೆ, ಒಂದು ಕಪಾಟಿಗೆ. ಒದ್ದೆಯಾದ್ರೂ ನಡೆಯೋ ಚಪ್ಪಲಿ 200. ನೋಟ್‌ಬುಕ್, ಪೆನ್ನು 400. ಸೋಪು, ಪೇಸ್ಟು, ಪ್ಯಾಡು ಎಲ್ಲ ಸೇರಿ 500. ಅಪ್ಪಂದಿರು ಪ್ಯಾಡು ಅನ್ನಕ್ಕೆ ನಾಚ್ಕೋಬೇಡಿ, ಅದೂ ಅಕ್ಕಿ ಬೇಳೆ ಥರ ತಿಂಗಳ ಸಾಮಾನೇ. ಬಕೆಟ್ಟು ಮಗ್ಗು ಅಲ್ಲೇ ತಗೋ ಅಂತ 220 ಕೊಟ್ಟೆ, ಇಲ್ಲಿಂದ ಹೊತ್ಕೊಂಡು ಹೋಗೋ ವಸ್ತು ಅಲ್ಲ ಅದು. ಒಟ್ಟು 1,800. ಹಾಸಿಗೆಗೆ ಅಂತ 700 ತೆಗೆದಿಟ್ಟಿದೀನಿ, ಇನ್ನೂ ತಂದಿಲ್ಲ. ಎಷ್ಟೋ ಹಾಸ್ಟೆಲ್‌ನಲ್ಲಿ ಮಂಚ, ಹಾಸಿಗೆ, ತಟ್ಟೆ-ಲೋಟ ಅವರೇ ಕೊಡ್ತಾರೆ. ವಾರ್ಡನ್‌ಗೆ ಫೋನ್ ಮಾಡಿ ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಹೊದೆಯಕ್ಕೆ ನಮ್ಮಮ್ಮ ಹೊಲಿದ ಕೌದಿ ಕಳಿಸಣ ಅಂದ್ರು ಮನೆಯವರು. ನಮ್ಮ ಬಯಲುಸೀಮೆ ಬಿಸಿಲಲ್ಲಿ ಕೌದಿ ಒಗೆದ್ರೆ ಸಂಜೆಗೆ ಒಣಗುತ್ತೆ. ಆ ಕಡೆ ಮಳೆಗಾಲದಲ್ಲಿ ವಾರ ಆದ್ರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತೆ. ಅದಕ್ಕೆ ಒಂದು ಚಳ್ಳಕೆರೆ ಕಂಬಳಿ, ಮೇಲೆ ತೆಳು ಬೆಡ್‌ಶೀಟು. ಬಟ್ಟೆನೂ ಬೇಗ ಒಣಗೋವೇ, ನಾಲ್ಕು ಜೊತೆ ಸಾಕು. ಒಳಬಟ್ಟೆ ಮಾತ್ರ ಜಾಸ್ತಿ ಇರಲಿ. ಒಂದು ಹಗ್ಗ, ಹತ್ತು ಕ್ಲಿಪ್ಪು.

ತಿನ್ನೋದಕ್ಕೆ ಶೇಂಗಾ ಚಟ್ನಿಪುಡಿ, ನಿಪ್ಪಟ್ಟು, ಹುರಿಹಿಟ್ಟು. ಶೇಂಗಾ ಬೀಜ ಇಡೋದು ನಿಮಗೆ ಗೊತ್ತೇ ಐತೆ. ಸಿಪ್ಪೆ ಸಮೇತ ಇದ್ರೆ ವರ್ಷ ತಡೆಯುತ್ತೆ, ಸುಲಿದ ಮೇಲೆ ಬೇಗ ಕೆಡುತ್ತೆ. ಪುಡಿ ಮಾಡಿದ್ದು ಇನ್ನೂ ಬೇಗ ಕಮಟು ಹಿಡಿಯುತ್ತೆ. ಹುರಿದಿದ್ದು ಪೂರ್ತಿ ಆರಿದ ಮೇಲೆ ಡಬ್ಬಿ ಮುಚ್ಚಿ, ಅದೂ ಅರ್ಧ ಕೆಜಿ ಮೇಲೆ ಬೇಡ. ಮುಗಿದ್ರೆ ಮತ್ತೆ ಕಳಿಸಿದ್ರಾಯ್ತು.

ಇಷ್ಟೂ ಬ್ಯಾಗಿನ ಮಾತು. ಬ್ಯಾಗಿಗಿಂತ ಮುಖ್ಯವಾದ್ದು ಒಂದೈತೆ. ಮನೆ ಲೆಕ್ಕ ಮಕ್ಕಳಿಗೆ ಹೇಳಿ ಕಳಿಸಿ. ನಮ್ಮ ಕಡೆ ಮಕ್ಕಳು ಓದು ಬಿಟ್ಟು ವಾಪಸ್ ಬರೋದು ಬುದ್ಧಿ ಸಾಲದೆ ಅಲ್ಲ. ಈರುಳ್ಳಿ ರೇಟು ಬಿತ್ತು, ಬೋರು ಬತ್ತಿತು ಅಂತ ಫೋನಲ್ಲಿ ಅರ್ಧಂಬರ್ಧ ಕೇಳಿ, ಅಪ್ಪನಿಗೆ ಯಾಕೆ ಭಾರ ಅಂತ ತಾವೇ ತೀರ್ಮಾನ ಮಾಡ್ಕೊಂಡು ಬರ್ತಾರೆ. ಜ್ವರ ಬಂದ್ರೂ ಹೇಳಲ್ಲ, ಪುಸ್ತಕಕ್ಕೂ ಕೇಳಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಮಳೆ ಕೈಕೊಟ್ಟಿತ್ತು. ಕಾಲೇಜಿಗೆ ಹೋಗ್ತೀಯಾ ಅಂತ ಯಾರೂ ಕೇಳಲಿಲ್ಲ, ಹೋಗ್ತೀನಿ ಅಂತ ನಾನೂ ಅನ್ನಲಿಲ್ಲ. ಓದು ಅಲ್ಲಿಗೆ ನಿಂತಿತು.

ಅದಕ್ಕೆ ಹೊರಡೋ ಹಿಂದಿನ ರಾತ್ರಿ ಮಗಳನ್ನ ಕೂರಿಸ್ಕೊಂಡು ಸೊಸೈಟಿ ಸಾಲ ಎಷ್ಟು, ಕಟ್ಟೋ ಗಡುವು ಯಾವಾಗ, ಹೋದ ವರ್ಷ ಕೈಗೆ ಬಂದಿದ್ದೆಷ್ಟು ಅಂತ ಒಂದು ಹಾಳೇಲಿ ಬರೆದು ತೋರಿಸಿದೆ. ನಿನಗೆ ತಿಂಗಳಿಗೆ ಸಾವಿರ, ಐದನೇ ತಾರೀಕು ಖಾತೆಗೆ. ಈ ಮೂರು ವರ್ಷದ ದುಡ್ಡಿಗೆ ಎರಡು ಕುರಿ ಬೇರೆ ಇಟ್ಟಿದೀವಿ, ಅದಕ್ಕೆ ಮಳೆ ಲೆಕ್ಕ ಇಲ್ಲ. ರೇಟು ಬಿದ್ರೆ ನಾನೇ ಹೇಳ್ತೀನಿ, ಆದ್ರೆ ಅದು ವಾಪಸ್ ಬಾ ಅನ್ನೋ ಮಾತಲ್ಲ ಅಂದೆ. "ಹಂಗಾದ್ರೆ ಎಂಟುನೂರು ಸಾಕಪ್ಪ" ಅಂದಳು. ಸಾವಿರ ಅಂದ್ರೆ ಸಾವಿರನೇ, ಉಳಿದ್ರೆ ಖಾತೇಲಿ ಇರಲಿ ಅಂದೆ.

ಹೆಣ್ಣು ಹುಡುಗೀನ ಅಷ್ಟು ದೂರ ಯಾಕೆ ಅಂತ ಕೇಳೋರು ನಮ್ಮ ಊರಲ್ಲೂ ಇದಾರೆ. ದಬಾಯಿಸಬೇಡಿ, ಈ ಲೆಕ್ಕ ತೋರಿಸಿ. ಎಷ್ಟೋ ಜನ ದುಡ್ಡಿಗೆ ಹೆದರಿ ದೂರದ ನೆಪ ಹೇಳ್ತಿರ್ತಾರೆ.

ಮನೇಲಿ ಒಂದು ಹಳೇ ಕಬ್ಬಿಣದ ಟ್ರಂಕು ಐತೆ. ಗಟ್ಟಿಯಾಗೈತೆ, ಬೀಗದ ಕೊಂಡಿನೂ ಸರಿ ಇದೆ. ಭಾರ ಅಂತ ನಮ್ಮ ಹುಡುಗಿ ಬೇಡ ಅಂದಳು. ಮಗನ್ನೋ ಮಗಳನ್ನೋ ಗಾಡೀಲಿ ಬಿಟ್ಟು ಬರೋರು ಯಾರಾದ್ರೂ ಇದ್ರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ನಿಮ್ಮ ಮನೇಲೂ ಬಳಸದ ಬಕೆಟ್ಟು, ಕಂಬಳಿ, ಬ್ಯಾಗು ಇದ್ರೆ ಹೊರಡೋ ಮಕ್ಕಳಿಗೆ ಕೊಡಿ.